ಚಿಟ್ಟೆಯ ಹುಳುವಿಗೂ ‘ಜ್ವರ’ ಅನ್ನಬಹುದಾ?

ಗೆಳೆಯರೇ, ಮಕ್ಕಳಿಗಾಗಿ ಲಾರ್ಜ್ ಬ್ಲೂ ಚಿಟ್ಟೆಯ ಬಗ್ಗೆ ಬರೆಯುತ್ತಾ ಒಂದು ಪದದ ಹತ್ತಿರ ನಿಂತುಬಿಟ್ಟಿದ್ದೇನೆ. ಇದು ಯುರೋಪಿನ ಹುಲ್ಲುಗಾವಲಿನ ನೀಲಿ ಚಿಟ್ಟೆ. ಬ್ರಿಟನ್ನಿನಲ್ಲಿ 1979ರಲ್ಲಿ ಪೂರ್ತಿ ಇಲ್ಲವಾಗಿತ್ತು. ಆಮೇಲೆ ಸ್ವೀಡನ್ನಿನಿಂದ ತಂದು ಬಿಟ್ಟರು.

ಇದರ ಹುಳು ಮೊದಲು ಥೈಮ್ ಗಿಡದ ಹೂವು ತಿನ್ನುತ್ತದೆ. ಮೂರು ಸಲ ಚರ್ಮ ಕಳಚಿದ ಮೇಲೆ ಸುಮ್ನೆ ನೆಲಕ್ಕೆ ಬಿದ್ದು ಕಾಯುತ್ತದೆ. ಆಗ ಅದು ಅಕ್ಕಿಕಾಳಿಗಿಂತ ಚಿಕ್ಕದು. ಮಿರ್ಮಿಕಾ ಜಾತಿಯ ಕೆಂಪಿರುವೆ ಬಂದು, ಹುಳು ಒಸರುವ ಸಿಹಿ ಹನಿಯನ್ನು ನೆಕ್ಕುತ್ತದೆ. ತನ್ನದೇ ಮರಿ ಅಂದುಕೊಂಡು ಗೂಡಿಗೆ ಹೊತ್ತುಕೊಂಡು ಹೋಗುತ್ತದೆ. ಒಳಗೆ ಹೋದ ಹುಳು ಇರುವೆಯ ಮರಿಗಳನ್ನೇ ತಿಂದು ಸುಮಾರು ಹತ್ತು ತಿಂಗಳು ಬೆಳೆಯುತ್ತದೆ. ಅಷ್ಟು ಉದ್ದಕ್ಕೆ ಬೆಳೆದರೂ ಮತ್ತೆ ಚರ್ಮ ಕಳಚುವುದಿಲ್ಲ!

ಈ ‘ಚರ್ಮ ಕಳಚುವುದು’ ಅನ್ನುವಲ್ಲೇ ನನ್ನ ತಕರಾರು. ನಮ್ಮ ಮನೆಯಲ್ಲಿ ರೇಷ್ಮೆ ಸಾಕುತ್ತಿದ್ದರು. ಹುಳು ಸೊಪ್ಪು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂತರೆ ‘ಜ್ವರಕ್ಕೆ ಕೂತಿದೆ’ ಅನ್ನುತ್ತಿದ್ದರು. ಹಳೇ ಚರ್ಮ ಬಿಟ್ಟು ಎದ್ದರೆ ‘ಜ್ವರ ಎದ್ದಿದೆ’. ಪುಸ್ತಕಗಳು ಇನ್‌ಸ್ಟಾರ್‌ಗೆ, ಅಂದರೆ ಒಂದು ಸಲ ಚರ್ಮ ಕಳಚಿ ಮತ್ತೊಂದು ಸಲ ಕಳಚುವವರೆಗಿನ ಅವಧಿಗೆ, ‘ನಾಲ್ಕನೇ ಹಂತ’ ಅಂತ ಬರೆದರೆ ಏನೂ ಕಣ್ಣಿಗೆ ಕಟ್ಟುವುದಿಲ್ಲ. ‘ಮೂರನೇ ಜ್ವರ ಎದ್ದ ಹುಳು’ ಅಂದರೆ ಹಂತವೂ ಗೊತ್ತಾಯಿತು, ಅಲ್ಲಿಗೆ ಬಂದದ್ದು ಹೇಗೆ ಅನ್ನುವುದೂ ಗೊತ್ತಾಯಿತು, ಅಲ್ವಾ? ರೇಷ್ಮೆಹುಳುವಿಗೆ ನಾಲ್ಕು ಜ್ವರ, ಇದಕ್ಕೆ ಮೂರೇ. ಹೋಲಿಕೆಯೂ ಸುಲಭ.

ರೇಷ್ಮೆ ಸೀಮೆಯ ಆಚೆಯ ಮಕ್ಕಳು ಹುಳುವಿಗೆ ಕಾಯಿಲೆ ಬಂತು ಅಂದುಕೊಂಡಾರು ಅನ್ನುವುದೊಂದೇ ಹೆದರಿಕೆ. ‘ಪೊರೆ ಬಿಟ್ಟಿತು’ ಅನ್ನಬಹುದು, ಆದರೆ ನನಗೆ ಆ ಮಾತಿಗೆ ಹಾವೇ ನೆನಪಾಗುತ್ತದೆ. ಮೊದಲ ಸಲ ‘ಪೊರೆ’ ಅಂತ ಬಿಡಿಸಿ ಹೇಳಿ, ಮುಂದೆಲ್ಲ ‘ಜ್ವರ’ ಅಂತಲೇ ಇಡೋಣ ಅನ್ನಿಸುತ್ತಿದೆ.

‘ಗೂಡು’ ಮಾತ್ರ ರೇಷ್ಮೆಯಿಂದ ತರಲು ಆಗುವುದಿಲ್ಲ. ಈ ಹುಳು ನೂಲು ಸುತ್ತಿ ಗೂಡು ಕಟ್ಟುವುದೇ ಇಲ್ಲ. ಇರುವೆ ಗೂಡಿನೊಳಗೇ ಬರಿಮೈಯ ಕೋಶವಾಗಿ ಮಲಗುತ್ತದೆ. ಬೇಸಿಗೆಯಲ್ಲಿ ಚಿಟ್ಟೆಯಾಗಿ ನೆಲದ ಮೇಲಕ್ಕೆ ತೆವಳಿ ಬಂದ ಮೇಲೇ ರೆಕ್ಕೆ ಬಿಚ್ಚುವುದು. ಹಾಗಾಗಿ ಅಲ್ಲಿ ‘ಕೋಶ’ ಅಂತಲೇ ಬರೆದಿದ್ದೇನೆ.

ನಿಮ್ಮ ಕಡೆ ಹುಳು ಚರ್ಮ ಬಿಡುವುದಕ್ಕೆ ಏನನ್ನುತ್ತಾರೆ? ರೇಷ್ಮೆ ಇಲ್ಲದ ಊರಿನವರ ಮಾತು ಜಾಸ್ತಿ ಬೇಕಾಗಿದೆ.