ಸಿಂಗಪುರದ ಕ್ಲಾರ್ಕ್ ಕೀ: ಅಪ್ಪ ಅಮ್ಮನ ಜೊತೆ ಹೋಗಬಹುದಾ?

ಹನುಮಂತನಗರದವಳು:
ಜನವರಿಯಲ್ಲಿ ಅಪ್ಪ ಅಮ್ಮನನ್ನು ಐದು ದಿನ ಸಿಂಗಪುರಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಅವರಿಗೆ ಇದೇ ಮೊದಲ ವಿದೇಶ ಪ್ರವಾಸ. ಅಪ್ಪನಿಗೆ 71. ಜಲಮಂಡಳಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಯಾವ ಊರಿಗೆ ಹೋದರೂ ಮೊದಲು "ಇಲ್ಲಿಗೆ ನೀರು ಎಲ್ಲಿಂದ ಬರುತ್ತೆ?" ಅಂತಲೇ ಕೇಳುತ್ತಾರೆ. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮಂಡಿ ನೋವು ಬೇರೆ.

ಆಫೀಸಿನಲ್ಲಿ ಎಲ್ಲರೂ ಸಿಂಗಪುರ ನದಿ ದಂಡೆಯ ಕ್ಲಾರ್ಕ್ ಕೀ ಬಿಡಬೇಡ ಅನ್ನುತ್ತಾರೆ. ಫೋಟೋ ನೋಡಿದರೆ ಬರೀ ಪಬ್ಬು, ಡ್ಯಾನ್ಸು, ಏಡಿ. ಶನಿವಾರ ರಾತ್ರಿ ಚರ್ಚ್ ಸ್ಟ್ರೀಟಿಗೂ ನಾನು ಇವರನ್ನು ಕರೆದುಕೊಂಡು ಹೋಗುವುದಿಲ್ಲ. ಒಂದು ಸಂಜೆ ಅಲ್ಲಿ ಕಳೆಯುವುದು ಸರಿಯಾ? ಅಮ್ಮನಿಗೆ ಮುಜುಗರ ಆದರೆ ನನಗೆ ತುಂಬಾ ಬೇಜಾರಾಗುತ್ತೆ.

ಜೆ.ಪಿ. ನಗರ 6ನೇ ಹಂತ:
ಹೋಗಿ, ಆದರೆ ಊಟಕ್ಕೆ ಕೂರುವ ಮುಂಚೆ ದರ ನೋಡಿ. ಮೆನುವಿನಲ್ಲಿ ಎರಡು ಪ್ಲಸ್ ಗುರುತು ಇದ್ದರೆ ಅದರ ಮೇಲೆ ಶೇ. 10 ಸರ್ವೀಸ್ ಚಾರ್ಜ್, ಆಮೇಲೆ ಶೇ. 9 ಜಿಎಸ್‌ಟಿ. ಏಡಿಗೆ ತೂಕದ ಲೆಕ್ಕ. ನದಿ ಪಕ್ಕದ ಒಂದು ಹೋಟೆಲಿನಲ್ಲಿ ನಾವು ಕೇಳದೇ ಇಟ್ಟ ಕಡಲೆಕಾಯಿ ಬೀಜಕ್ಕೂ ಒದ್ದೆ ಟಿಶ್ಯೂಗೂ ದುಡ್ಡು ಹಾಕಿದ್ದರು. ಬೇಡ ಅಂದರೆ ವಾಪಸ್ ತೆಗೆದುಕೊಂಡು ಹೋಗುತ್ತಾರೆ.

ನದಿ ದಂಡೆ ನಡಿಗೆ:
ಎರಡು ವರ್ಷ ಪ್ರಾಜೆಕ್ಟ್ ಮೇಲೆ ಅಲ್ಲಿದ್ದೆ. ಆಫೀಸು ರ್‍ಯಾಫಲ್ಸ್ ಪ್ಲೇಸ್‌ನಲ್ಲಿ. ಸಂಜೆ ಹೊತ್ತು ನದಿ ಪಕ್ಕ ನಡೆದೇ ಕ್ಲಾರ್ಕ್ ಕೀವರೆಗೆ ಬರುತ್ತಿದ್ದೆ. ಖಂಡಿತ ಕರೆದುಕೊಂಡು ಹೋಗಿ. ನಿಮ್ಮ ಅಪ್ಪನಂಥವರು ನೋಡಲೇಬೇಕಾದ ಜಾಗ ಅದು.

ಐದೂವರೆಗೆ ಹೊರಡಿ. ಅಲ್ಲಿ ಕತ್ತಲಾಗುವುದು ಏಳರ ಮೇಲೆ. ಪಬ್ಬುಗಳ ಗಲಾಟೆ ಶುರುವಾಗುವಷ್ಟರಲ್ಲಿ ನೀವು ವಾಪಸ್ ಬಂದಿರುತ್ತೀರಿ. ಕ್ಯಾವೆನಾ ಸೇತುವೆಯಿಂದ ಶುರು ಮಾಡಿ. 1869ರದ್ದು. ದನ, ಕುದುರೆಗಳನ್ನು ಸೇತುವೆ ಮೇಲೆ ಬಿಡಬಾರದು ಅನ್ನುವ ಹಳೇ ಫಲಕ ಇನ್ನೂ ಇದೆ. ಪಕ್ಕದಲ್ಲೇ ಐದು ಹುಡುಗರು ನೀರಿಗೆ ಜಿಗಿಯುತ್ತಿರುವ ಕಂಚಿನ ಶಿಲ್ಪ. ಅಮ್ಮನಿಗೆ ಅದು ಇಷ್ಟವಾಗುತ್ತೆ. ಆಚೆ ದಂಡೆಯಲ್ಲಿ ಬೋಟ್ ಕೀಯ ಹಳೇ ಅಂಗಡಿ ಮನೆಗಳ ಸಾಲು ಕಾಣುತ್ತೆ. ಮುಂದಕ್ಕೆ ಕ್ಲಾರ್ಕ್ ಕೀ. ಇವತ್ತು ಪಬ್ಬು, ಹೋಟೆಲು ಇರುವ ಆ ಕಟ್ಟಡಗಳೆಲ್ಲ ಒಂದು ಕಾಲದಲ್ಲಿ ಗೋಡೌನ್‌ಗಳು. ಸರಕು ದೋಣಿಯಲ್ಲಿ ಬಂದು ಇಲ್ಲೇ ಇಳಿಯುತ್ತಿತ್ತು. ಜನವರಿಯಲ್ಲಿ ಮಳೆ ಬಂದರೂ ತೊಂದರೆಯಿಲ್ಲ, ಓಣಿಗಳ ಮೇಲೆ ದೊಡ್ಡ ಕೊಡೆಯಂಥ ಚಾವಣಿ ಇದೆ. ನಡೆಯಲು ಆಗದಿದ್ದರೆ ದೋಣಿ ಹತ್ತಿಸಿ. ಸುಮಾರು 40 ನಿಮಿಷ, ಸಿಂಹದ ತಲೆ, ಮೀನಿನ ಮೈ ಇರುವ ಮರ್ಲಯನ್ ಪ್ರತಿಮೆವರೆಗೂ ಹೋಗಿ ಬರುತ್ತೆ.

ಈಗ ಅಪ್ಪನ ವಿಷಯ. ಆ ನದಿ ನಮ್ಮ ವೃಷಭಾವತಿ ಥರವೇ ನಾರುತ್ತಿತ್ತು. ಹಂದಿ ಸಾಕಣೆಯ ಕೊಳಚೆ, ಚರಂಡಿ, ಬೀದಿ ಹೋಟೆಲುಗಳ ಎಂಜಲು, ದೋಣಿಗಳ ಎಣ್ಣೆ, ಎಲ್ಲ ಅದಕ್ಕೇ. 1977ರಲ್ಲಿ ಪ್ರಧಾನಿ ಲೀ ಕುವಾನ್ ಯೂ ಹತ್ತು ವರ್ಷದ ಗಡುವು ಕೊಟ್ಟರು. ಬೀದಿ ವ್ಯಾಪಾರಿಗಳಿಗೆ ನೀರು, ಚರಂಡಿ ಇರುವ ಕಟ್ಟೆ ಕಟ್ಟಿಕೊಟ್ಟರು. ಹಂದಿ, ಬಾತುಕೋಳಿ ಸಾಕಣೆ ತೆಗೆಸಿದರು. 1983ರಲ್ಲಿ ದೋಣಿಗಳನ್ನೂ ಬೇರೆ ಕಡೆ ಕಳಿಸಿದರು. 1987ರ ಹೊತ್ತಿಗೆ ನದಿ ಶುದ್ಧವಾಯಿತು. ಹೋಟೆಲು, ಕುಣಿತ ಎಲ್ಲ ಆಮೇಲೆ. ಮೊದಲು ಆಗಿದ್ದು ಚರಂಡಿ ಕೆಲಸ.

ಬಸವನಗುಡಿಯಲ್ಲಿ ಹುಟ್ಟಿ ಬೆಳೆದವನು ನಾನು. ವೃಷಭಾವತಿ ಹುಟ್ಟುವುದು ನಮ್ಮ ದೊಡ್ಡ ಬಸವಣ್ಣನ ಕಾಲಡಿಯಲ್ಲಿ ಅನ್ನುತ್ತಾರೆ. ಗಾಳಿ ಆಂಜನೇಯನ ಗುಡಿ ಹತ್ತಿರ ಅದರ ಪಕ್ಕ ಮೂಗು ಮುಚ್ಚದೆ ನಿಂತಿದ್ದು ನನಗೆ ನೆನಪೇ ಇಲ್ಲ. ಕ್ಲಾರ್ಕ್ ಕೀಯಲ್ಲಿ ಕಟ್ಟೆ ಮೇಲೆ ಕೂತಾಗಲೆಲ್ಲ ನನಗೆ ಅದೇ ನೆನಪಾಗುತ್ತಿತ್ತು. ಸಂಕಟವೂ ಆಗುತ್ತಿತ್ತು, ಆಸೆಯೂ ಹುಟ್ಟುತ್ತಿತ್ತು.

ಮಾರನೇ ದಿನ ಮರೀನಾ ಬ್ಯಾರೇಜ್ ತೋರಿಸಿ. ಈ ನದಿಯ ನೀರು ಸಮುದ್ರ ಸೇರುವ ಕಡೆ 2008ರಲ್ಲಿ ಅಡ್ಡ ಕಟ್ಟಿದ ಅಣೆಕಟ್ಟು. 9 ಗೇಟು, 7 ದೊಡ್ಡ ಪಂಪು. ಉಪ್ಪು ನೀರು ಒಳಗೆ ಬರುವುದಿಲ್ಲ. ಹಾಗಾಗಿ ಆ ಪಬ್ಬುಗಳ ಮುಂದೆ ನಿಂತಿರುವುದು ಊರಿನ ಕುಡಿಯುವ ನೀರಿನ ಜಲಾಶಯ! ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ನೂರು ಕಿಲೋಮೀಟರ್ ಕಾವೇರಿ ನೀರು ಎತ್ತಿ ತರುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತಾಗುತ್ತೆ ಅಲ್ವಾ?

ಊಟಕ್ಕೆ ಅಲ್ಲಿ ಒದ್ದಾಡಬೇಡಿ. ಕ್ಲಾರ್ಕ್ ಕೀ ಸ್ಟೇಷನ್ನಿನಿಂದ ನೇರಳೆ ಮಾರ್ಗದಲ್ಲಿ ಎರಡನೇ ಸ್ಟಾಪು ಲಿಟಲ್ ಇಂಡಿಯಾ. ಸೆರಂಗೂನ್ ರಸ್ತೆಯ ಕೋಮಲ ವಿಲಾಸ್ 1947ರಿಂದ ಇದೆ. ಅಮ್ಮ ನೆಮ್ಮದಿಯಾಗಿ ದೋಸೆ ತಿನ್ನಲಿ. ಇನ್ನೊಂದು ಮಾತು, ಟ್ಯಾಕ್ಸಿಯವರಿಗೆ 'ಕ್ವೇ' ಅನ್ನಬೇಡಿ, 'ಕೀ' ಅನ್ನಿ.

ಹನುಮಂತನಗರದವಳು:
ತುಂಬಾ ಥ್ಯಾಂಕ್ಸ್ ಸರ್. ಅಪ್ಪನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದರು. ಪಂಪು ಎಷ್ಟು ಹಾರ್ಸ್ ಪವರ್ ಅಂತ ಆಗಲೇ ಕೇಳುತ್ತಿದ್ದಾರೆ. ಸ್ಟೇಷನ್ನಿನಲ್ಲಿ ಲಿಫ್ಟ್ ಇದೆಯಾ?

ನದಿ ದಂಡೆ ನಡಿಗೆ:
ಎಲ್ಲಾ ಸ್ಟೇಷನ್ನಿನಲ್ಲೂ ಇದೆ ಅಮ್ಮ. ಹಾರ್ಸ್ ಪವರ್ ಅಲ್ಲೇ ಕೇಳಿಕೊಂಡು ಬರಲಿ, ನನಗೂ ಹೇಳಿ.