‘ಚೊಚ್ಚಲ’ದ ಬೆನ್ನಿಗೆ ಬಂದದ್ದನ್ನು ಏನೆನ್ನೋಣ?

ಗೆಳೆಯರೇ,

ಫಿನ್ಲೆಂಡಿನ ಕೆಮಿ ಊರಿನ ಸೊನಾಟಾ ಆರ್ಕ್ಟಿಕಾ ಎಂಬ ಪವರ್ ಮೆಟಲ್ (ವೇಗದ, ರಾಗಪ್ರಧಾನವಾದ ಹೆವಿ ಮೆಟಲ್ ಸಂಗೀತ) ತಂಡದ ಮೊದಲ ಎರಡು ಆಲ್ಬಂಗಳ ಬಗ್ಗೆ ಬರೆಯುತ್ತಿದ್ದೇನೆ. 1999ರ ‘ಎಕ್ಲಿಪ್ಟಿಕಾ’ಕ್ಕೆ ‘ಚೊಚ್ಚಲ ಆಲ್ಬಂ’ ಎಂಬ ಮಾತು ತಾನಾಗಿಯೇ ಬಂತು. ಚೊಚ್ಚಲ ಹೆರಿಗೆಯ ಪದವನ್ನು ಪತ್ರಿಕೆಗಳು ಚೊಚ್ಚಲ ಶತಕದವರೆಗೂ ಎಷ್ಟು ಚೆನ್ನಾಗಿ ಹಿಗ್ಗಿಸಿವೆ! 2001ರ ‘ಸೈಲೆನ್ಸ್’ಗೆ ಬಂದಾಗ ಅಂಥ ಪದ ಸಿಗದೆ ಬರವಣಿಗೆ ತಡೆಯಿತು.

‘ಎರಡನೆಯ ಆಲ್ಬಂ’ ಎಂದರೆ ಬರೀ ಎಣಿಕೆ. ಮೊದಲನೆಯದು ಹುಟ್ಟಿಸಿದ ನಿರೀಕ್ಷೆಯ ಭಾರ ಅದರಲ್ಲಿಲ್ಲ. ‘ಮುಂದುವರಿದ ಭಾಗ’ ಕಥೆಗೆ ಸಲ್ಲುವ ಮಾತು. ‘ಸೈಲೆನ್ಸ್’ನ ‘ದಿ ಎಂಡ್ ಆಫ್ ದಿಸ್ ಚಾಪ್ಟರ್’ ಹಾಡಿನ ಗೀಳುಪ್ರೇಮಿಯ ಕಥೆ 2004ರ ‘ಡೋಂಟ್ ಸೇ ಎ ವರ್ಡ್’ನಲ್ಲಿ ಮುಂದುವರಿಯುತ್ತದೆ; ಅದಕ್ಕೆ ಆ ಹೆಸರು ಒಪ್ಪುತ್ತದೆ, ಆಲ್ಬಂಗೆ ಒಪ್ಪುವುದಿಲ್ಲ. ‘ಉತ್ತರಾಧಿಕಾರಿ’ ಎಂದರೆ ಮೊದಲನೆಯದು ಗದ್ದುಗೆ ಬಿಟ್ಟಿಳಿದ ಹಾಗೆ. (ಇವೆರಡರ ನಡುವೆ, 2000ದಲ್ಲಿ, ತಂಡ ತಂದ ಕಿರು ಆಲ್ಬಂನ ಹೆಸರೇ ‘ಸಕ್ಸೆಸರ್’, ಅಂದರೆ ಉತ್ತರಾಧಿಕಾರಿ!)

ಆಗ ನೆನಪಾದದ್ದು ಅಜ್ಜಿಯ ಮಾತು. ಮಕ್ಕಳನ್ನು ಪರಿಚಯಿಸುವಾಗ ‘ಇವನು ಚೊಚ್ಚಲು, ಇವಳು ಇವನ ಬೆನ್ನಿಗೆ ಹುಟ್ಟಿದವಳು’ ಎನ್ನುತ್ತಿದ್ದರು. ರಕ್ತ ಒಂದೇ, ಮೈಕಟ್ಟು ಬೇರೆ. ಈ ಎರಡು ಆಲ್ಬಂಗಳ ನಂಟೂ ಹಾಗೆಯೇ ಇದೆ. ‘ಎಕ್ಲಿಪ್ಟಿಕಾ’ ಪೀಠಿಕೆಯಿಲ್ಲದೆ ‘ಬ್ಲ್ಯಾಂಕ್ ಫೈಲ್’ನಿಂದಲೇ ಓಟ ಕೀಳುತ್ತದೆ, ಅಲ್ಲಿ ಹಾಡಿದ ಟೋನಿ ಕಾಕ್ಕೊ ಅವರೇ ಕೀಬೋರ್ಡನ್ನೂ ನುಡಿಸಿದ್ದಾರೆ. ‘ಸೈಲೆನ್ಸ್’ ಹೊತ್ತಿಗೆ ಕೀಬೋರ್ಡಿಗೆ ಮಿಕ್ಕೊ ಹಾರ್ಕಿನ್ ಬಂದಿದ್ದರು. ‘ವುಲ್ಫ್ ಅಂಡ್ ರೇವನ್’ ಕೇಳಿ: ಗಿಟಾರಿಗೆ ಕೀಬೋರ್ಡ್ ಹೆಗಲೆಣೆಯಾಗಿ ಓಡುತ್ತದೆ. ಈ ಆಲ್ಬಂಗೆ ಮಾತಿನ ಪುಟ್ಟ ಪೀಠಿಕೆಯಿದೆ, ಕೊನೆಯಲ್ಲಿ ಹನ್ನೊಂದು ನಿಮಿಷ ದಾಟುವ ‘ದಿ ಪವರ್ ಆಫ್ ಒನ್’ ಇದೆ. ನನಗೆ ಚೊಚ್ಚಲದ ಬಿಸಿಯೇ ಹೆಚ್ಚು ಪ್ರಿಯ. ಆದರೆ ‘ಟಲ್ಲೂಲಾ’ದಂಥ ನಿಧಾನದ ಹಾಡಿನ ನೋವನ್ನು ಎರಡನೆಯದು ಇನ್ನಷ್ಟು ಪಳಗಿದ ದನಿಯಲ್ಲಿ ಹೇಳುತ್ತದೆ.

ಹಾಗಾಗಿ ‘ಬೆನ್ನಿಗೆ ಹುಟ್ಟಿದ ಆಲ್ಬಂ’ ಎಂದು ಬರೆಯುವ ಆಸೆ. ‘ಬೆನ್ನಿಗೆ ಬಿದ್ದ’ ಎಂಬ ರೂಪವನ್ನೂ ಕೇಳಿದ್ದೇನೆ, ಆದರೆ ಅಚ್ಚಿನಲ್ಲಿ ಅದು ‘ಬೆನ್ನುಬಿದ್ದ’, ಅಂದರೆ ಬಿಡದೆ ಕಾಡಿದ, ಎಂದು ಓದಿಕೊಂಡೀತೆಂಬ ಅಳುಕು. ಇನ್ನೊಂದು ಅನುಮಾನ: ‘ಬೆನ್ನಿಗೆ’ ಎಂದರೆ ಕೂಡಲೇ ಎಂಬ ಅರ್ಥವೂ ಇದೆಯಲ್ಲ, ಎರಡು ವರ್ಷದ ಅಂತರವಿರುವಾಗ ಅದು ಸಲ್ಲುತ್ತದೆಯೇ? ಚೊಚ್ಚಲ ಮಗುವಿನ ನಂತರದ ಮಗುವಿಗೆ ನಿಮ್ಮ ಊರಿನಲ್ಲಿ ಒಂದೇ ಪದದ ಹೆಸರಿದ್ದರೆ ದಯವಿಟ್ಟು ತಿಳಿಸಿ.