ತಿಮಿಂಗಿಲದೊಳಗೆ 8 ಮೀಟರ್ ಉದ್ದದ ಹುಳ ನಿಜವಾ?

ಕಡಲಕಾಗೆ: ಎಲ್ಲೋ ಓದಿದೆ, ನಂಬೋಕಾಗ್ತಿಲ್ಲ. ಸುಮ್ನೆ ಬುರುಡೆನಾ? ಮೀನು ತಿನ್ನುವ ನಮಗೇನಾದರೂ ತೊಂದರೆ ಇದೆಯಾ?

ಹುಳದಮೇಷ್ಟ್ರು: ನಿಜವೇ. ಹೆಸರು ಪ್ಲಾಸೆಂಟೋನೀಮಾ ಜೈಗಾಂಟಿಸ್ಸಿಮಾ. ಸಿಕ್ಕಿದ್ದು ಹೊಟ್ಟೆಯಲ್ಲಲ್ಲ, ಹೆಣ್ಣು ಸ್ಪರ್ಮ್ ತಿಮಿಂಗಿಲದ ಮಾಸಿನಲ್ಲಿ (ಪ್ಲಾಸೆಂಟಾ, ಗರ್ಭದ ಮರಿಗೆ ಆಹಾರ ಒದಗಿಸುವ ಅಂಗ). ಸೋವಿಯತ್ ವಿಜ್ಞಾನಿ ಗುಬಾನೊವ್ 1951ರಲ್ಲಿ ವಿವರಿಸಿದರು, ಉದ್ದ 8.4 ಮೀಟರ್ ತನಕ. ಆದರೆ ಅದು ಅಪರೂಪ. ತಿಮಿಂಗಿಲ, ಡಾಲ್ಫಿನ್‌ಗಳಲ್ಲಿ ಜಾಸ್ತಿ ಕಾಣುವುದು ಅನಿಸಾಕಿಸ್ ಅನ್ನೋ ಬೇರೆ ಹುಳ. ಬೆಳೆದ ಹುಳ ಜಠರದಲ್ಲಿ ಮೊಟ್ಟೆ ಇಡುತ್ತದೆ, ಅದು ಮಲದ ಜೊತೆ ನೀರಿಗೆ ಬೀಳುತ್ತದೆ, ಮರಿಯನ್ನು ಕ್ರಿಲ್ (ಸಿಗಡಿಯಂಥ ಪುಟ್ಟ ಜೀವಿ) ನುಂಗುತ್ತದೆ, ಕ್ರಿಲ್ ಅನ್ನು ಮೀನು ಇಲ್ಲವೇ ಬೊಂಡಾಸ (ಸ್ಕ್ವಿಡ್), ಅವನ್ನು ಮತ್ತೆ ತಿಮಿಂಗಿಲ!

ಬಂಗುಡೆಪ್ರಿಯ: ಅಂದ್ರೆ ಬಂಗುಡೆ ಸಾರು ಬಿಡಬೇಕಾ?

ಹುಳದಮೇಷ್ಟ್ರು: ಬಿಡಬೇಡಿ ಮಾರಾಯ್ರೆ. ಚೆನ್ನಾಗಿ ಬೇಯಿಸಿದರೆ ಹುಳ ಸಾಯುತ್ತದೆ. ಈ ಹುಳದ ಅಲರ್ಜಿ ಇರುವವರು ಮಾತ್ರ ಹುಷಾರು. ತೊಂದರೆ ಇರುವುದು ಹಸಿ ಮೀನಿನಲ್ಲಿ, ಅಂದರೆ ಜಪಾನಿನ ಸಾಶಿಮಿ ತರಹದ್ದರಲ್ಲಿ. ಮರಿಹುಳ ನಮ್ಮೊಳಗೆ ದೊಡ್ಡದಾಗುವುದಿಲ್ಲ, ಜಠರದ ಗೋಡೆ ಕೊರೆಯಲು ಹೋಗಿ ವಿಪರೀತ ನೋವು ಕೊಡುತ್ತದೆ.

ದುಬೈಗಿರಿ: ಇಲ್ಲಿ ಸುಶಿ ತಿಂತೀನಲ್ಲ, ಈಗ ಭಯ ಆಗ್ತಿದೆ. ವಿನೆಗರ್ ಹಾಕಿದ್ರೆ ಸಾಯಲ್ವಾ?

ಹುಳದಮೇಷ್ಟ್ರು: ವಿನೆಗರ್ ನಂಬಬೇಡಿ. ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಟ್ಟ ಮೀನಾ ಅಂತ ಕೇಳಿ.